ಕಡಲ ತಡಿಯ ಹತ್ತು ಕೋಣೆಗಳು: ರಾಫಲ್ಸ್ ಹೋಟೆಲಿನ ಬಾಳು, ಮರುಬಾಳು

"ಊರಿಗೆ ಬಂದವಳು ನೀರಿಗೆ ಬಾರದಿರುವಳೇ?" ಎಂಬುದು ನಮ್ಮ ಕಡೆಯ ಗಾದೆ. ಸಿಂಗಪುರಕ್ಕೆ ಬಂದವರೂ ಒಂದಲ್ಲ ಒಂದು ದಿನ ಸಿಟಿ ಹಾಲ್ ಸುತ್ತಮುತ್ತ ಓಡಾಡದೆ ಇರುವುದಿಲ್ಲ. ಅಲ್ಲಿ ಬೀಚ್ ರೋಡ್ ಮತ್ತು ಬ್ರಾಸ್ ಬಸಾ ರೋಡ್ ಕೂಡುವ ಮೂಲೆಯಲ್ಲಿ, ಗಗನಚುಂಬಿ ಕಟ್ಟಡಗಳ ನಡುವೆ, ಮೂರಂತಸ್ತಿನ ಬಿಳಿಯ ಕಟ್ಟಡವೊಂದು ನಿಂತಿದೆ. ಬೀಸಣಿಗೆಯಂತೆ ಎಲೆ ಹರಡಿದ ಪಾಮ್ ಗಿಡಗಳು, ಕಮಾನಿನ ಕಿಟಕಿಗಳು, ಬಾಗಿಲಲ್ಲಿ ಪೇಟ ಧರಿಸಿದ ಸಿಖ್ ದ್ವಾರಪಾಲಕ. ಹೊಸಬರು ನೋಡಿದರೆ ಯಾವುದೋ ಸುಲ್ತಾನರ ಅರಮನೆ ಇರಬೇಕು ಎಂದುಕೊಳ್ಳುತ್ತಾರೆ.

ಇದು ಅರಮನೆಯಲ್ಲ. ರಾಜರು ಕಟ್ಟಿಸಿದ್ದಲ್ಲ, ಸರ್ಕಾರ ಕಟ್ಟಿಸಿದ್ದೂ ಅಲ್ಲ. ಜೀವನೋಪಾಯಕ್ಕಾಗಿ ಪರದೇಶಕ್ಕೆ ಬಂದ ಒಂದು ಸಣ್ಣ ಸಮುದಾಯದ ಅಣ್ಣತಮ್ಮಂದಿರು ಹತ್ತೇ ಹತ್ತು ಕೋಣೆಗಳಿಂದ ಆರಂಭಿಸಿದ ಅತಿಥಿಗೃಹ ಇದು. ಅದೇ ಇಂದಿನ ಜಗತ್ಪ್ರಸಿದ್ಧ ರಾಫಲ್ಸ್ ಹೋಟೆಲು. ನಾವೂ ಪರದೇಶದಲ್ಲಿ ನೆಲೆಸಿ, ಸಂಘ ಕಟ್ಟಿಕೊಂಡು, ಅದರ ಹುಟ್ಟುಹಬ್ಬವನ್ನು ಆಚರಿಸುತ್ತಿರುವವರು. ಈ ಮನೆ ಹೇಗೆ ಹುಟ್ಟಿತು, ಹೇಗೆ ಬಿದ್ದಿತು, ಮತ್ತೆ ಹೇಗೆ ಎದ್ದಿತು ಎಂಬುದನ್ನು ಅರಿಯುವುದು ನಮಗೆ ಬರೀ ಕುತೂಹಲದ ವಿಷಯವಲ್ಲ.

ಕಡಲಂಚಿನ ಬಂಗಲೆ

ನಮ್ಮ ನಾಡಿನಲ್ಲಿ ದಾರಿಹೋಕರಿಗೆ ಛತ್ರಗಳಿದ್ದವು, ಅರವಟ್ಟಿಗೆಗಳಿದ್ದವು, ಮಠಗಳಿದ್ದವು. 1819ರಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ಬಂದಿಳಿದ ಮೇಲೆ ಬೆಳೆದ ಸಿಂಗಪುರ ರೇವುಪಟ್ಟಣಕ್ಕೆ ಅಂಥ ಹಳೆಯ ಏರ್ಪಾಡು ಇರಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯೂರೋಪಿನಿಂದ ಪೂರ್ವದೇಶಗಳಿಗೆ ಉಗಿಹಡಗುಗಳ ಓಡಾಟ ಹೆಚ್ಚಿತು. ಹಡಗಿನಿಂದ ಇಳಿದವರಿಗೆ ನಾಲ್ಕು ದಿನ ತಂಗಲು ಒಳ್ಳೆಯ ಜಾಗ ಬೇಕಾಯಿತು.

ಬೀಚ್ ರೋಡ್ ಎಂಬ ಹೆಸರು ಆಗ ಅನ್ವರ್ಥವಾಗಿತ್ತು. ರಸ್ತೆ ದಾಟಿದರೆ ಮರಳು, ಮರಳು ದಾಟಿದರೆ ಕಡಲು. ಈಗ ಸಮುದ್ರವನ್ನು ತುಂಬಿ ನೆಲ ಮಾಡಿರುವುದರಿಂದ ಹೋಟೆಲಿನ ಮುಂದೆ ನಿಂತರೆ ನೀರೇ ಕಾಣುವುದಿಲ್ಲ. ಆ ದಂಡೆಯ ಮೇಲೆ 1830ರ ದಶಕದ ಆರಂಭದಲ್ಲಿ ಒಂದು ಬಂಗಲೆ ಎದ್ದಿತ್ತು. 1878ರಲ್ಲಿ ಡಾಕ್ಟರ್ ಎಮರ್ಸನ್ ಎಂಬುವರು ಅದನ್ನು ಬಾಡಿಗೆಗೆ ಹಿಡಿದು ಹೋಟೆಲು ನಡೆಸಿದರು. 1883ರಲ್ಲಿ ಅವರು ತೀರಿಕೊಂಡ ಮೇಲೆ ಹೋಟೆಲು ಮುಚ್ಚಿತು. ಎದುರಿಗಿದ್ದ ರಾಫಲ್ಸ್ ಇನ್‌ಸ್ಟಿಟ್ಯೂಷನ್ ಎಂಬ ಶಾಲೆ ಆ ಬಂಗಲೆಯನ್ನು ತನ್ನ ಹುಡುಗರ ವಸತಿಗೆ ಬಳಸಿಕೊಂಡಿತು. ಈ ಶಾಲೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಬಂಗಲೆಯ ಒಡೆಯರು ಸೈಯದ್ ಮೊಹಮ್ಮದ್ ಅಲ್‌ಸಗೋಫ್ ಎಂಬ ಅರಬ್ ವರ್ತಕರು. 1887ರಲ್ಲಿ ಹಳೆಯ ಬಾಡಿಗೆ ಕರಾರು ಮುಗಿಯಿತು. ಹೊಸ ಬಾಡಿಗೆದಾರರು ತಡಮಾಡಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಹತ್ತು ಕೋಣೆಗಳ ರಾಫಲ್ಸ್ ಹೋಟೆಲು ಬಾಗಿಲು ತೆರೆಯಿತು. ಆ ವರ್ಷವೇ ಜೂನ್ ತಿಂಗಳಲ್ಲಿ ಪಡಾಂಗ್ ಮೈದಾನದಲ್ಲಿ ರಾಫಲ್ಸ್‌ನ ಪ್ರತಿಮೆಯನ್ನೂ ನಿಲ್ಲಿಸಲಾಗಿತ್ತು. ಊರಲ್ಲೆಲ್ಲ ಕೇಳಿಬರುತ್ತಿದ್ದ ಹೆಸರನ್ನೇ ಹೊಸಬರು ತಮ್ಮ ಹಲಗೆಯ ಮೇಲೆ ಬರೆಸಿದರು.

ಇಸ್ಫಹಾನಿನ ಅಣ್ಣತಮ್ಮಂದಿರು

ಯಾರು ಈ ಹೊಸಬರು? ಮಾರ್ಟಿನ್, ತಿಗ್ರಾನ್, ಅವಿಯೆತ್, ಅರ್ಶಕ್ ಎಂಬ ನಾಲ್ವರು ಸಾರ್ಕೀಸ್ ಸಹೋದರರು. ಹುಟ್ಟಿದ್ದು ಪರ್ಷಿಯಾದ ಇಸ್ಫಹಾನಿನಲ್ಲಿ, ಜಾತಿಯಿಂದ ಅರ್ಮೇನಿಯನ್ನರು. 17ನೆಯ ಶತಮಾನದ ಆರಂಭದಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಅರ್ಮೇನಿಯನ್ ಕುಟುಂಬಗಳನ್ನು ಅವರ ಮೂಲ ಊರಿನಿಂದ ಎಬ್ಬಿಸಿ ಇಸ್ಫಹಾನಿನ ಪಕ್ಕದಲ್ಲಿ ನೆಲೆಗೊಳಿಸಿದನು. ಅಲ್ಲಿಂದ ಅವರು ವ್ಯಾಪಾರಕ್ಕಾಗಿ ಸೂರತ್, ಮದರಾಸು, ಕಲ್ಕತ್ತಗಳಿಗೆ ಬಂದರು. ಚೆನ್ನೈನಲ್ಲಿ ಇಂದಿಗೂ ಅರ್ಮೇನಿಯನ್ ಸ್ಟ್ರೀಟ್ ಇದೆ. ಭಾರತದ ದಾರಿಯಾಗಿಯೇ ಅವರಲ್ಲಿ ಅನೇಕರು ಪೆನಾಂಗ್, ಸಿಂಗಪುರ, ಜಾವಾಗಳಿಗೆ ಮುಂದುವರಿದರು.

ಸಾರ್ಕೀಸ್ ಸಹೋದರರು ಮೊದಲು ಕೈಹಾಕಿದ್ದು ಪೆನಾಂಗಿನಲ್ಲಿ. ಇಂದು 'ಇ ಅಂಡ್ ಓ' ಎಂದು ಹೆಸರಾಗಿರುವ ಈಸ್ಟರ್ನ್ ಅಂಡ್ ಓರಿಯೆಂಟಲ್ ಹೋಟೆಲು ಅವರದೇ. 1901ರಲ್ಲಿ ರಂಗೂನಿನ ಸ್ಟ್ರ್ಯಾಂಡ್ ಹೋಟೆಲನ್ನೂ ಅವರೇ ತೆರೆದರು. ಸಿಂಗಪುರದ ಹೊಣೆ ಹೊತ್ತವರು ತಿಗ್ರಾನ್. ಪೆನಾಂಗಿನಲ್ಲಿ ಒಬ್ಬ, ಸಿಂಗಪುರದಲ್ಲಿ ಒಬ್ಬ, ರಂಗೂನಿನಲ್ಲಿ ಒಬ್ಬ: ಉಡುಪಿಯ ಕಡೆಯಿಂದ ಹೊರಟು ಮದರಾಸು, ಬೊಂಬಾಯಿಗಳಲ್ಲಿ ಹೋಟೆಲು ತೆರೆದ ನಮ್ಮವರ ಕುಟುಂಬಗಳನ್ನು ಬಲ್ಲವರಿಗೆ ಈ ಕ್ರಮ ಹೊಸದೇನೂ ಅನ್ನಿಸಲಾರದು.

ಅದೇ ವರ್ಷ, ಬೆಂಗಳೂರಿನಲ್ಲಿ

ಇಲ್ಲಿ ಒಂದು ಸೋಜಿಗದ ಸಂಗತಿಯನ್ನು ಹೇಳಬೇಕು. ಅದೇ 1887ರಲ್ಲಿ, ಅದೂ ಹತ್ತು ಕೋಣೆಗಳಿಂದಲೇ, ನಮ್ಮ ಬೆಂಗಳೂರಿನಲ್ಲೂ ಒಂದು ವಸತಿಗೃಹ ಆರಂಭವಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ್ದರೂ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ವಶದಲ್ಲೇ ಇತ್ತು. ಅಲ್ಲಿಗೆ ಬಂದುಹೋಗುವ ಬಿಳಿಯರಿಗಾಗಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ನಡೆಸಿದ ಬೋರ್ಡಿಂಗ್ ಹೌಸ್ ಅದು. ರೇಸ್ ಕೋರ್ಸ್ ರಸ್ತೆಯಲ್ಲಿ ಮರಗಳ ನಡುವೆ ಇರುವ ಇಂದಿನ ತಾಜ್ ವೆಸ್ಟ್ ಎಂಡ್ ಹೋಟೆಲಿನ ಮೂಲ ಇದೇ. ಹಡಗಿನ ದಾರಿಯಲ್ಲೊಂದು, ದಂಡಿನ ದಾರಿಯಲ್ಲೊಂದು: ಒಂದೇ ಕಾಲದ ಒಂದೇ ಅಗತ್ಯದಿಂದ ಹುಟ್ಟಿದ ಅವಳಿಗಳು.

ಮೈಸೂರಿನ ಲಲಿತಮಹಲನ್ನೂ ಇಲ್ಲಿ ನೆನೆಯಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ವೈಸ್‌ರಾಯ್‌ ಮುಂತಾದ ಅತಿಥಿಗಳಿಗೆಂದು ಕಟ್ಟಿಸಿದ ಆ ಅತಿಥಿಗೃಹ 1974ರಲ್ಲಿ ಹೋಟೆಲಾಯಿತು. ರಾಜನ ಬೊಕ್ಕಸದಿಂದ ಎದ್ದ ಮನೆ ಅದು. ರಾಫಲ್ಸ್ ಹೋಟೆಲಿನ ಹಿಂದೆ ಅಂಥ ಬೊಕ್ಕಸವಿರಲಿಲ್ಲ.

ಏರುಗಾಲ

ಆರಂಭದಲ್ಲಿ ಹೋಟೆಲು ಅಷ್ಟೇನೂ ಭವ್ಯವಾಗಿರಲಿಲ್ಲ. 1889ರಲ್ಲಿ ಇಲ್ಲಿಗೆ ಬಂದ ರಡ್ಯಾರ್ಡ್ ಕಿಪ್ಲಿಂಗ್, ಊಟ ಎಷ್ಟು ಚೆನ್ನಾಗಿದೆಯೋ ಕೋಣೆಗಳು ಅಷ್ಟೇ ಕೆಟ್ಟದಾಗಿವೆ ಎಂಬರ್ಥದಲ್ಲಿ ಬರೆದನು. ಉಣ್ಣುವುದು ಇಲ್ಲಾಗಲಿ, ಮಲಗುವುದು ಬೇರೆ ಹೋಟೆಲಿನಲ್ಲಾಗಲಿ ಎಂದು ಸಲಹೆಯನ್ನೂ ಕೊಟ್ಟನು. ಸಾರ್ಕೀಸರು ಜಾಣರು. ಊಟದ ಹೊಗಳಿಕೆಯನ್ನು ಮಾತ್ರ ಜಾಹೀರಾತಿಗೆ ಹಾಕಿಕೊಂಡು ಉಳಿದರ್ಧವನ್ನು ಬಿಟ್ಟರು! ಆದರೆ ಕೋಣೆಗಳನ್ನು ಸರಿಪಡಿಸುವುದನ್ನು ಬಿಡಲಿಲ್ಲ. 1890ರಲ್ಲಿ ಎರಡು ಹೊಸ ಪಾರ್ಶ್ವಗಳು ಎದ್ದವು. 1894ರಲ್ಲಿ ಪಾಮ್ ಕೋರ್ಟ್ ಭಾಗ ಸೇರಿತು, ಕೋಣೆಗಳು 75ಕ್ಕೆ ಏರಿದವು. 1899ರಲ್ಲಿ, ಹಳೆಯ ಬಂಗಲೆ ಇದ್ದ ಜಾಗದಲ್ಲೇ, ವಾಸ್ತುಶಿಲ್ಪಿ ಬಿಡ್ವೆಲ್ ರೂಪಿಸಿದ ಮುಖ್ಯ ಕಟ್ಟಡ ಪೂರ್ಣಗೊಂಡಿತು. ವಿದ್ಯುದ್ದೀಪ, ವಿದ್ಯುತ್ತಿನಿಂದ ತಿರುಗುವ ಫ್ಯಾನು, ಎಲ್ಲವೂ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥವು.

ಅಲ್ಲಿನ ಒಂದು ಊಟದ ಮನೆಗೆ 'ಟಿಫಿನ್ ರೂಮ್' ಎಂದೇ ಹೆಸರು. ಟಿಫಿನ್ ಎಂಬುದು ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ರೂಢಿಯಾದ ಮಾತು. ಮಧ್ಯಾಹ್ನದ ಕರಿ ಅನ್ನದ ಜೊತೆಗೆ ಹಡಗು ಹತ್ತಿ ಇಲ್ಲಿಗೂ ಬಂತು. ನಮಗೆ ಆ ಮಾತು ಬೇರೊಂದು ದಾರಿಯಿಂದ ಪರಿಚಿತ. 1924ರಲ್ಲಿ ಆರಂಭವಾದ ಹೋಟೆಲೊಂದು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರು ಪಡೆದು, ಎಂ.ಟಿ.ಆರ್. ಆಗಿ ಬೆಳೆದು, 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಗೂ ಬಂದುದನ್ನು ನಾವೆಲ್ಲ ಬಲ್ಲೆವು.

ಹೋಟೆಲಿನ ಕಥೆಗಳಲ್ಲಿ ಮಕ್ಕಳಿಗೆ ಹೇಳಬೇಕಾದದ್ದು 1902ರ ಹುಲಿಯ ಕಥೆ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದು ಕಂಬಗಳ ಮೇಲೆ ನಿಂತಿದ್ದ ಬಿಲಿಯರ್ಡ್ಸ್ ಕೋಣೆಯ ಅಡಿಯಲ್ಲಿ ಹೋಗಿ ಅವಿತುಕೊಂಡಿತು. ಎದುರು ಶಾಲೆಯ ಮುಖ್ಯೋಪಾಧ್ಯಾಯರಾದ ಫಿಲಿಪ್ಸ್ ಬಂದೂಕು ಹಿಡಿದು ಬಂದು ಅದನ್ನು ಹೊಡೆದರು. ಮೇಷ್ಟರೆಂದರೆ ಹೀಗಿರಬೇಕು!

ದೊಡ್ಡವರು ಕೇಳುವುದು ಸಿಂಗಪುರ್ ಸ್ಲಿಂಗ್ ಎಂಬ ಕೆಂಪು ಪಾನೀಯದ ಕಥೆಯನ್ನು. 1915ರ ಸುಮಾರಿಗೆ, ಹೈನಾನ್ ಮೂಲದ ನಿಯಾಮ್ ಟೋಂಗ್ ಬೂನ್ ಎಂಬ ಬಾರ್ ಕೆಲಸಗಾರರು ಇದನ್ನು ಮೊದಲು ಬೆರೆಸಿದರೆಂದು ಹೋಟೆಲು ಹೇಳುತ್ತ ಬಂದಿದೆ. ಹೆಂಗಸರು ನಾಲ್ಕು ಜನರ ಮುಂದೆ ಮದ್ಯ ಮುಟ್ಟಬಾರದೆಂದಿದ್ದ ಕಾಲದಲ್ಲಿ, ಹಣ್ಣಿನ ರಸದಂತೆ ಕಾಣಲೆಂದೇ ಅದಕ್ಕೆ ಆ ಬಣ್ಣವಂತೆ.

ಇಳಿಗಾಲ

ತಿಗ್ರಾನ್ 1912ರಲ್ಲಿ ತೀರಿಕೊಂಡರು. ಕಿರಿಯರಾದ ಅರ್ಶಕ್ ಧಾರಾಳಿ. ಪೆನಾಂಗಿನ ಹೋಟೆಲನ್ನು ವಿಸ್ತರಿಸಲು ನೀರಿನಂತೆ ಹಣ ಸುರಿದರು. ಅಷ್ಟರಲ್ಲಿ ಜಗತ್ತನ್ನೇ ಆರ್ಥಿಕ ಮುಗ್ಗಟ್ಟು ಹಿಡಿಯಿತು. ರಬ್ಬರಿನ ಬೆಲೆ ನೆಲಕಚ್ಚಿತು. ತೋಟದ ಸಾಹೇಬರ ಕೈಯಲ್ಲಿ ಕಾಸಿಲ್ಲದಾಯಿತು. 1931ರಲ್ಲಿ ಅರ್ಶಕ್ ಕಣ್ಣುಮುಚ್ಚಿದರು. ಅದೇ ವರ್ಷ ಸಾರ್ಕೀಸ್ ಸಂಸ್ಥೆ ದಿವಾಳಿಯಾಯಿತು. ಹತ್ತು ಕೋಣೆಗಳಿಂದ ಕಟ್ಟಿದ್ದು 44 ವರ್ಷಕ್ಕೆ ಕುಟುಂಬದ ಕೈಜಾರಿತು. 1933ರಲ್ಲಿ ಬೇರೆ ಕಂಪೆನಿ ಹೋಟೆಲನ್ನು ವಹಿಸಿಕೊಂಡಿತು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾಯಿತು. ಊರಿಗೆ ಸ್ಯೋನಾನ್ ಎಂಬ ಹೆಸರು ಬಂತು, ಹೋಟೆಲಿಗೆ ಸ್ಯೋನಾನ್ ರ‍್ಯೋಕಾನ್ ಎಂಬ ಹೆಸರು. ರ‍್ಯೋಕಾನ್ ಎಂದರೆ ಜಪಾನೀ ಭಾಷೆಯಲ್ಲಿ ತಂಗುಮನೆ. ವೈರಿಗಳು ಬರುವ ಮುನ್ನ ಕೆಲಸಗಾರರು ಹೋಟೆಲಿನ ಬೆಳ್ಳಿ ಸಾಮಾನುಗಳನ್ನು ಪಾಮ್ ಕೋರ್ಟಿನ ಅಂಗಳದಲ್ಲಿ ಹೂತಿಟ್ಟು ಕಾಪಾಡಿದರೆಂಬ ಮಾತು ಹೋಟೆಲಿನಲ್ಲಿ ಉಳಿದುಬಂದಿದೆ. 1945ರಲ್ಲಿ ಯುದ್ಧ ಮುಗಿದಾಗ, ಸೆರೆಯಿಂದ ಬಿಡುಗಡೆಯಾದ ಸೈನಿಕರಿಗೆ ಈ ಮನೆಯೇ ತಾತ್ಕಾಲಿಕ ಆಸರೆಯಾಯಿತು.

ಮುಂದೆ ಹಡಗಿನ ಕಾಲ ಹೋಗಿ ವಿಮಾನದ ಕಾಲ ಬಂತು. ಆರ್ಚರ್ಡ್ ರಸ್ತೆಯಲ್ಲಿ ಹವಾನಿಯಂತ್ರಿತ ಹೊಸ ಹೋಟೆಲುಗಳು ಸಾಲಾಗಿ ಎದ್ದವು. ರಾಫಲ್ಸ್ ಹೋಟೆಲಿಗೆ ಉಳಿದದ್ದು ಹೆಸರು, ಮೈಯಲ್ಲಿ ಕಸುವಿರಲಿಲ್ಲ.

ಎದುರಿನ ಶಾಲೆ

ಇಲ್ಲೊಂದು ಹೋಲಿಕೆ ಮನಸ್ಸನ್ನು ತಟ್ಟುತ್ತದೆ. ರಸ್ತೆಯ ಆಚೆ ಬದಿಗಿದ್ದ ರಾಫಲ್ಸ್ ಇನ್‌ಸ್ಟಿಟ್ಯೂಷನ್ ಹೋಟೆಲಿಗಿಂತ ಹಳೆಯದು; ಅಲ್ಲಿ ಪಾಠ ಶುರುವಾದದ್ದು 1837ರಲ್ಲಿ. ತನ್ನ ಹುಡುಗರನ್ನು ಬಂಗಲೆಯಲ್ಲಿ ಇರಿಸಿದ್ದ, ಹುಲಿ ಹೊಡೆದ ಮೇಷ್ಟರಿದ್ದ ಶಾಲೆ. 1972ರಲ್ಲಿ ಶಾಲೆ ಬೇರೆಡೆಗೆ ಹೋಯಿತು, ಹಳೆಯ ಕಟ್ಟಡವನ್ನು ಕೆಡವಲಾಯಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ." ಆ ಜಾಗದಲ್ಲಿ 1986ರಲ್ಲಿ ರಾಫಲ್ಸ್ ಸಿಟಿ ಎದ್ದಿತು. ಅದರ 73 ಅಂತಸ್ತಿನ ಹೋಟೆಲು ಆಗ ಜಗತ್ತಿನಲ್ಲೇ ಅತ್ಯಂತ ಎತ್ತರದ್ದು.

ಶಾಲೆಗೆ ಆದದ್ದೇ ಹೋಟೆಲಿಗೂ ಆಗಬಹುದಿತ್ತು. ಹಾಗಾಗಲಿಲ್ಲ. 1987ರಲ್ಲಿ, ಹೋಟೆಲಿಗೆ ನೂರು ತುಂಬಿದ ವರ್ಷ, ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.

ಜೀರ್ಣೋದ್ಧಾರ

ಸ್ಮಾರಕವೆಂದು ಘೋಷಿಸಿದ ಮಾತ್ರಕ್ಕೆ ಸೋರುವ ಮಾಡು ನಿಲ್ಲುವುದಿಲ್ಲ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ದೇವರ ಪೂಜೆಗೆ, ನೈವೇದ್ಯಕ್ಕೆ ಭೂಮಿ ಬಿಡುವಾಗಲೇ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದೂ ದತ್ತಿ ಬಿಟ್ಟಿರುವುದು ಕಾಣುತ್ತದೆ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸಲು ಎಂದರ್ಥ. ಕಟ್ಟಿದ್ದು ಒಂದು ದಿನ ಬಿರಿಯುತ್ತದೆ ಎಂಬ ವಿವೇಕ ಆ ಮಾತಿನಲ್ಲಿದೆ.

ರಾಫಲ್ಸ್ ಹೋಟೆಲಿನ ಜೀರ್ಣೋದ್ಧಾರಕ್ಕಾಗಿ 1989ರಲ್ಲಿ ಬಾಗಿಲು ಮುಚ್ಚಲಾಯಿತು. ಖರ್ಚಾದದ್ದು 16 ಕೋಟಿ ಸಿಂಗಪುರ ಡಾಲರು. ಹಣಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿತ್ತು. ನೂರು ವರ್ಷದಲ್ಲಿ ಎಷ್ಟೋ ಸಲ ರೂಪ ಬದಲಿಸಿದ ಮನೆಯನ್ನು 'ಮೊದಲಿನಂತೆ' ಮಾಡುವುದೆಂದರೆ ಯಾವ ವರ್ಷದಂತೆ? 1887ರ ಬಂಗಲೆ ಎಂದೋ ಹೋಗಿತ್ತು. ಯೋಚಿಸಿ, ಹೋಟೆಲಿನ ಉಚ್ಛ್ರಾಯದ ಕಾಲವಾದ 1915ನ್ನು ಆರಿಸಿಕೊಂಡರು. ಆಮೇಲೆ ಮುಂಭಾಗದಲ್ಲಿ ಸೇರಿಸಿದ್ದ ನೃತ್ಯಶಾಲೆಯನ್ನು ತೆಗೆದರು. ಅದಕ್ಕೆ ಜಾಗ ಬಿಟ್ಟುಕೊಟ್ಟು ಮಾಯವಾಗಿದ್ದ ಎರಕದ ಕಬ್ಬಿಣದ ಮುಖಮಂಟಪವನ್ನು ಮತ್ತೆ ಮಾಡಿಸಿ ನಿಲ್ಲಿಸಿದರು. ಇದು ಸಾಧ್ಯವಾದದ್ದು ಹೇಗೆ? ಹಳೆಯ ಛಾಯಾಚಿತ್ರಗಳು, ನಕ್ಷೆಗಳು, ಪೋಸ್ಟ್‌ಕಾರ್ಡುಗಳು ಎಲ್ಲೆಲ್ಲೋ ಉಳಿದಿದ್ದುದರಿಂದ.

1991ರ ಸೆಪ್ಟೆಂಬರ್ 16ರಂದು ಹೋಟೆಲು ಮತ್ತೆ ತೆರೆಯಿತು. ಟೀಕೆಗಳೂ ಬಂದವು. ಪಕ್ಕದಲ್ಲಿ ಹಳೆಯ ಶೈಲಿಯಲ್ಲೇ ಹೊಸ ಅಂಗಡಿ ಮಳಿಗೆಗಳನ್ನು ಕಟ್ಟಿ, ಲಾಂಗ್ ಬಾರನ್ನು ಅಲ್ಲಿಗೆ ಸಾಗಿಸಿದ್ದರಿಂದ ಹಳೆಯದಾವುದು ಹೊಸದಾವುದು ತಿಳಿಯದಂತಾಯಿತೆಂದು ಹಲವರು ಆಕ್ಷೇಪಿಸಿದರು. ಆ ಮಾತಿನಲ್ಲಿ ಹುರುಳಿದೆ. ಆದರೂ ಕಟ್ಟಡ ಉಳಿಯಿತು. ಬರೀ ನೋಡುವ ವಸ್ತುವಾಗಿ ಅಲ್ಲ, ಒಲೆ ಉರಿಯುವ ಮನೆಯಾಗಿಯೇ ಉಳಿಯಿತು. 2010ರಲ್ಲಿ ಕತಾರ್ ಸರ್ಕಾರಕ್ಕೆ ಸೇರಿದ ಸಂಸ್ಥೆ ಅದನ್ನು ಕೊಂಡಿತು. 2017ರಿಂದ ಇನ್ನೊಂದು ಸುತ್ತಿನ ದುರಸ್ತಿ ನಡೆದು, 2019ರ ಆಗಸ್ಟ್‌ನಲ್ಲಿ 115 ಸೂಟ್‌ಗಳೊಡನೆ ಹೋಟೆಲು ಮತ್ತೆ ತೆರೆಯಿತು.

ಹೆಸರು ಉಳಿದವರು, ಉಳಿಯದವರು

ಈ ಪುನರುಜ್ಜೀವನದಲ್ಲಿ ಒಂದು ಪಾಠವಿದೆ. ಕಾಗದದ ಮೇಲೆ ಉಳಿದದ್ದು ಮಾತ್ರ ಮರಳಿ ಬಂತು. ಫೋಟೋ ಇದ್ದುದರಿಂದ ಮುಖಮಂಟಪ ಬಂತು. ಸಿಂಗಪುರ್ ಸ್ಲಿಂಗ್‌ನ ಮೊದಲ ಪಾಕ ಯಾವುದೆಂಬುದಕ್ಕೆ ಮಾತ್ರ ಇಂದಿಗೂ ಚರ್ಚೆ ನಿಂತಿಲ್ಲ. ನಿಯಾಮ್ ಅವರ ಹೆಸರಾದರೂ ಉಳಿಯಿತು. ಅವರ ಜೊತೆಗೆ ಬಟ್ಟೆ ಒಗೆದ, ಅಡಿಗೆ ಮಾಡಿದ, ಬಾಗಿಲು ಕಾಯ್ದ ಚೀನೀ, ಮಲಯ, ಭಾರತೀಯ ಕೆಲಸಗಾರರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಹೋಟೆಲಿನಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಸೇಂಟ್ ಆಂಡ್ರೂಸ್ ಕೆಥೀಡ್ರಲನ್ನೂ ಒಮ್ಮೆ ನೋಡಿ. 1856ರಿಂದ 1861ರ ನಡುವೆ ಅದನ್ನು ಕಟ್ಟಿದವರು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಗೋಡೆಗೆ ಬಳಿದದ್ದು ಮದರಾಸಿನ ಗಾರೆ: ಸುಣ್ಣ, ಮೊಟ್ಟೆಯ ಬಿಳಿ, ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು ಕಲಸಿ, ಒಣಗಿದ ಮೇಲೆ ಹೊಳಪು ಬರುವ ತನಕ ಉಜ್ಜಿದ್ದು. ಊರಿನ ಹಳೆಯ ಮನೆಗಳ ಗಾರೆಯ ನೆಲವನ್ನು ಕಂಡವರಿಗೆ ಆ ನುಣುಪು ಗೊತ್ತು. ಗಾರೆಯ ಪಾಕವನ್ನು ಅಧಿಕಾರಿಗಳು ಬರೆದಿಟ್ಟರು, ಹಾಗಾಗಿ ಅದು ಉಳಿಯಿತು. ಉಜ್ಜಿದ ಕೈಗಳ ಹೆಸರನ್ನು ಗೋಡೆಯ ಮೇಲೆ ಯಾರೂ ಬರೆಯಲಿಲ್ಲ.

ಸಾರ್ಕೀಸರ ಸಮುದಾಯವಾದರೂ ಎಷ್ಟು ದೊಡ್ಡದು? ಸಿಂಗಪುರದ ಅರ್ಮೇನಿಯನ್ನರು ಯಾವ ಕಾಲದಲ್ಲೂ ಬೆರಳೆಣಿಕೆಯ ಕುಟುಂಬಗಳೇ. ಆದರೆ ಅವರು ಬಿಟ್ಟುಹೋದದ್ದನ್ನು ನೋಡಿ. ಹಿಲ್ ಸ್ಟ್ರೀಟಿನಲ್ಲಿ 1835ರಲ್ಲಿ ಕಟ್ಟಿಸಿದ ಚರ್ಚು ಈ ದೇಶದ ಅತ್ಯಂತ ಹಳೆಯ ಚರ್ಚು. 1845ರಲ್ಲಿ ಹೊರಟ 'ಸ್ಟ್ರೇಟ್ಸ್ ಟೈಮ್ಸ್' ಪತ್ರಿಕೆಯ ಹುಟ್ಟಿನ ಜೊತೆ ಕ್ಯಾಚಿಕ್ ಮೋಸೆಸ್ ಎಂಬ ಅರ್ಮೇನಿಯನ್ ವರ್ತಕರ ಹೆಸರು ಸೇರಿದೆ. 1893ರಲ್ಲಿ ಬೆಳಕಿಗೆ ಬಂದ 'ವಾಂಡಾ ಮಿಸ್ ಜೋಕಿಮ್' ಎಂಬ ಆರ್ಕಿಡ್ ಹೂವು ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ಮಹಿಳೆಯ ತೋಟದ್ದು; 1981ರಲ್ಲಿ ಅದು ಸಿಂಗಪುರದ ರಾಷ್ಟ್ರೀಯ ಪುಷ್ಪವಾಯಿತು. ಇವುಗಳ ಜೊತೆಗೆ ಈ ಹೋಟೆಲು. ಸಂಖ್ಯೆ ಸಣ್ಣದಾದರೇನು, ನೆಲೆಸಿದ ನೆಲವನ್ನು ತಮ್ಮದೆಂದುಕೊಂಡು ದುಡಿದರು. ಆ ನೆಲ ಅವರನ್ನು ಮರೆಯಲಿಲ್ಲ.

ನಾವು ಸಿಂಗಪುರದ ಕನ್ನಡಿಗರು ಅವರಿಗಿಂತ ಸಂಖ್ಯೆಯಲ್ಲಿ ಎಷ್ಟೋ ಹೆಚ್ಚು. ನಮ್ಮಲ್ಲಿ ಎಲ್ಲರೂ ಹೋಟೆಲು ಕಟ್ಟಬೇಕಿಲ್ಲ, ಚರ್ಚಿನಂಥ ಗುಡಿ ಕಟ್ಟಬೇಕಿಲ್ಲ. ನಾವು ಕಟ್ಟುತ್ತಿರುವುದು ಬೇರೆ ಬಗೆಯ ತಂಗುಮನೆ: ಭಾನುವಾರದ ಕನ್ನಡ ಪಾಠ, ಯುಗಾದಿಯ ಬೇವು ಬೆಲ್ಲ, ರಾಜ್ಯೋತ್ಸವದ ನಾಟಕ, ಹೊಸದಾಗಿ ಬಂದ ಕುಟುಂಬಕ್ಕೆ ಮನೆ ಹುಡುಕಿಕೊಡುವ ಒಂದು ದೂರವಾಣಿ ಕರೆ. ಇವಕ್ಕೆ ಗೋಡೆಯಿಲ್ಲ, ಸೂರಿಲ್ಲ. ಆದ್ದರಿಂದ ಇವು ಕಟ್ಟಡಕ್ಕಿಂತ ಬೇಗ ಮರೆತುಹೋಗುತ್ತವೆ. ಇಪ್ಪತ್ತು ಮೂವತ್ತು ವರ್ಷದ ಮೇಲೆ ನಮ್ಮ ಮಕ್ಕಳಿಗೆ ಇದನ್ನೆಲ್ಲ ಮತ್ತೆ ಎತ್ತಿ ನಿಲ್ಲಿಸುವ ಮನಸ್ಸಾದರೆ ಅವರ ಕೈಗೆ ಸಿಗುವುದೇನು?

ಸ್ಮರಣ ಸಂಚಿಕೆಯೆಂದರೆ ಜಾಹೀರಾತು ಮತ್ತು ಶುಭಾಶಯಗಳ ಕಟ್ಟು ಎಂದು ಕೆಲವರು ತಮಾಷೆ ಮಾಡುವುದುಂಟು. ಹಾಗಿದ್ದರೂ ಅದು ಒಂದು ದಾಖಲೆ. ರಾಫಲ್ಸ್ ಹೋಟೆಲಿನ ಮುಖಮಂಟಪವನ್ನು ಮರಳಿ ತಂದವು, ಇಂದಲ್ಲ ನಾಳೆ ಕಸಕ್ಕೆ ಹೋಗಬಹುದಾಗಿದ್ದ ಅಂಥ ಕಾಗದಗಳೇ. ನಿಮ್ಮ ಬೀರುವಿನಲ್ಲಿ ಸಂಘದ ಹಳೆಯ ಕರೆಯೋಲೆ ಇದ್ದರೆ, ನಾಟಕದ ಪಾತ್ರಧಾರಿಗಳ ಪಟ್ಟಿ ಇದ್ದರೆ, ಕನ್ನಡ ತರಗತಿಯ ಹಾಜರಿ ಪುಸ್ತಕ ಇದ್ದರೆ, ದಯವಿಟ್ಟು ಎಸೆಯಬೇಡಿ, ಸಂಘಕ್ಕೆ ತಲುಪಿಸಿ. ಫೋಟೋಗಳಿದ್ದರೆ ಅದರಲ್ಲಿರುವವರ ಹೆಸರನ್ನೂ ಇಸವಿಯನ್ನೂ ಹಿಂಬದಿಯಲ್ಲಿ ಬರೆದಿಡಿ. ವೇದಿಕೆಯ ಮೇಲಿದ್ದವರದಷ್ಟೇ ಅಲ್ಲ, ಹಿಂದೆ ನಿಂತು ನೂರು ಜನಕ್ಕೆ ಬಿಸಿಬೇಳೆ ಬಾತ್ ಬಡಿಸಿದವರ ಹೆಸರನ್ನೂ.